ಗಂಡಸುತನವೆಂಬ ಒಂದೇ ಗಂಟು, ದೇಹದಲ್ಲಿ ಮೂರು ಕೆಲಸ

ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಗುವಾಗದಿದ್ದರೆ ನಮ್ಮಲ್ಲಿ ಆಸ್ಪತ್ರೆಯ ಮೆಟ್ಟಿಲನ್ನು ಮೊದಲು ಹತ್ತುವವಳು ಹೆಂಡತಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ, ನಡುವೆ ಒಂದಿಷ್ಟು ಹರಕೆ, ಇವೆಲ್ಲ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆಯ ಮಾತು ಬರುತ್ತದೆ. ಆಗಲೂ ಅವನ ಕಡೆಯವರ ಉತ್ತರ ಸಿದ್ಧವಾಗಿರುತ್ತದೆ: ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಗಡ್ಡ ಮೀಸೆ ಚೆನ್ನಾಗಿ ಬಂದಿದೆ, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲ, ಅವನಿಗೇನಾಗಿದೆ? ಬಂಜೆತನದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ ಎಂಬುದು ವೈದ್ಯಲೋಕದಲ್ಲಿ ಹಳೆಯ ಮಾತು. ಆದರೂ ಈ ಉತ್ತರ ಮನೆಮನೆಯಲ್ಲೂ ಒಪ್ಪಿಗೆಯಾಗುತ್ತದೆ. ಅದಕ್ಕೆ ಗಂಡಸಿನ ಅಹಂಕಾರವನ್ನಷ್ಟೇ ಕಾರಣವೆಂದು ಬೈದು ಸುಮ್ಮನಾಗುವಂತಿಲ್ಲ. ಆ ಉತ್ತರದ ಹಿಂದೆ ದೇಹದ ಬಗ್ಗೆ ಒಂದು ತಿಳಿವಳಿಕೆ ಇದೆ, ಆ ತಿಳಿವಳಿಕೆಯೇ ತಪ್ಪು.

ಗಂಡಿನ ಸಂತಾನಾಂಗಗಳು ಮೂರು ಕೆಲಸ ಮಾಡುತ್ತವೆ. ವೀರ್ಯಾಣುಗಳನ್ನು ತಯಾರಿಸುವುದು ಒಂದು. ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುದು ಎರಡನೆಯದು. ನಿಮಿರುವಿಕೆ ಮತ್ತು ಸ್ಖಲನದ ಮೂಲಕ ವೀರ್ಯವನ್ನು ಹೆಣ್ಣಿನ ದೇಹಕ್ಕೆ ತಲುಪಿಸುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಜೀವಕೋಶಗಳು, ಬೇರೆ ಬೇರೆ ದಾರಿಗಳು, ಬಹುಮಟ್ಟಿಗೆ ಬೇರೆ ಬೇರೆ ಹಿಡಿತಗಳು. ಒಂದು ಕೆಟ್ಟರೆ ಉಳಿದೆರಡು ಕೆಡಲೇಬೇಕೆಂದಿಲ್ಲ. ಒಂದು ಚೆನ್ನಾಗಿದೆ ಎಂಬುದು ಉಳಿದೆರಡಕ್ಕೆ ಜಾಮೀನೂ ಅಲ್ಲ. ನಮ್ಮ ಲೋಕರೂಢಿ ಈ ಮೂರನ್ನೂ ಸೇರಿಸಿ ಗಂಡಸುತನ ಎಂಬ ಒಂದೇ ಗಂಟು ಕಟ್ಟಿದೆ. ಬಂಜೆತನದಲ್ಲಿ ಹೆಣ್ಣಿನ ಮೇಲೆ ಬೀಳುವ ಹೊರೆ, ವೀರ್ಯನಾಶದ ಭಯ, ವ್ಯಾಸೆಕ್ಟಮಿ ಎಂದರೆ ಓಡುವ ಗಂಡಸರು, ಜಿಮ್‌ಗಳಲ್ಲಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್, ಇವು ನಾಲ್ಕು ಬೇರೆ ಬೇರೆ ಸಮಸ್ಯೆಗಳಂತೆ ಕಂಡರೂ ಬೇರು ಒಂದೇ. ಆ ಗಂಟು ಬಿಚ್ಚದೆ ಇವುಗಳಲ್ಲಿ ಯಾವುದೂ ಬಗೆಹರಿಯದು ಎಂಬುದು ಈ ಲೇಖನದ ವಾದ.

ವೃಷಣದಿಂದಲೇ ಶುರುಮಾಡೋಣ. ಹೊರಗಿನಿಂದ ಅದು ನಾಲ್ಕೈದು ಸೆಂಟಿಮೀಟರ್ ಉದ್ದದ, ಮೊಟ್ಟೆಯಾಕಾರದ ಗ್ರಂಥಿ. ಒಳಗೆ ಸುಮಾರು 250 ಪುಟ್ಟ ವಿಭಾಗಗಳು, ಪ್ರತಿಯೊಂದರಲ್ಲೂ ಕೂದಲೆಳೆಯಂತಹ ಒಂದರಿಂದ ನಾಲ್ಕು ನಾಳಗಳು ಸುರುಳಿ ಸುತ್ತಿಕೊಂಡಿರುತ್ತವೆ. ಒಂದು ವೃಷಣದ ನಾಳಗಳನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಮೀಟರ್ ಉದ್ದವಾಗುತ್ತದೆ. ವೀರ್ಯಾಣು ಹುಟ್ಟುವುದು ಈ ನಾಳಗಳ ಗೋಡೆಯಲ್ಲಿ. ಅಲ್ಲಿ ಅವುಗಳನ್ನು ಸಾಕುವ, ಪೋಷಿಸುವ ಕೋಶಗಳನ್ನು 1865ರಲ್ಲಿ ಗುರುತಿಸಿದವರು ಇಟಲಿಯ ಎನ್ರಿಕೊ ಸೆರ್ಟೋಲಿ. ನಾಳ ನಾಳಗಳ ನಡುವಿನ ಸಂದಿಯಲ್ಲಿ ಗುಂಪುಗುಂಪಾಗಿ ಕೂತಿರುವ ಇನ್ನೊಂದು ಬಗೆಯ ಕೋಶಗಳನ್ನು ಅದಕ್ಕೂ ಮೊದಲು, 1850ರಲ್ಲಿ, ಜರ್ಮನಿಯ ಫ್ರಾಂಜ್ ಲೈಡಿಗ್ ವಿವರಿಸಿದ್ದರು. ಟೆಸ್ಟೊಸ್ಟೆರಾನ್ ತಯಾರಾಗುವುದು ಈ ಲೈಡಿಗ್ ಕೋಶಗಳಲ್ಲಿ. ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದರೆ ಒಂದೇ ಅಂಗದೊಳಗೆ ಎರಡು ಬಿಡಾರ ಎಂಬುದು ಕಣ್ಣಿಗೇ ಕಾಣುತ್ತದೆ. ನಾಳದ ಒಳಗಿನ ಸರಕು ನಾಳದ ಮೂಲಕವೇ ಹೊರಹೋಗಬೇಕು. ಸಂದಿಯಲ್ಲಿ ತಯಾರಾದ ಹಾರ್ಮೋನಿಗೆ ನಾಳದ ಹಂಗಿಲ್ಲ, ಅದು ನೇರವಾಗಿ ರಕ್ತ ಸೇರುತ್ತದೆ.

ಈ ಎರಡು ದಾರಿಗಳು ಬೇರೆ ಎಂಬುದಕ್ಕೆ ಬಲವಾದ ಪುರಾವೆ ಕೊಟ್ಟದ್ದು ಕೋಳಿ ಹುಂಜ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಳೆಯ ಹುಂಜಗಳ ವೃಷಣ ತೆಗೆದು ನೋಡಿದರು. ವೃಷಣ ಕಳೆದುಕೊಂಡವು ಜುಟ್ಟು ಬೆಳೆಸಲಿಲ್ಲ, ಕಾದಾಡಲಿಲ್ಲ, ಹುಂಜದಂತೆ ಕೂಗಲಿಲ್ಲ. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟಾಗ, ನರವೂ ಇಲ್ಲದೆ ವೀರ್ಯನಾಳವೂ ಇಲ್ಲದೆ ಅವು ಸಹಜ ಹುಂಜಗಳಾಗಿಯೇ ಬೆಳೆದವು. ಹೊಸ ರಕ್ತನಾಳಗಳು ವೃಷಣವನ್ನು ಹೊಕ್ಕಿದ್ದವು, ಅಷ್ಟು ಸಾಕಾಗಿತ್ತು. ವೀರ್ಯ ಹೊರಹೋಗುವ ದಾರಿ ಇಲ್ಲದಿದ್ದರೂ ಗಂಡಿನ ಲಕ್ಷಣ ಉಳಿಯುತ್ತದೆ ಎಂದು ಹಾರ್ಮೋನ್ ಎಂಬ ಹೆಸರೇ ಹುಟ್ಟದ ಕಾಲದಲ್ಲಿ ತೋರಿಸಿಕೊಟ್ಟ ಪ್ರಯೋಗ ಅದು.

ಮನುಷ್ಯನಲ್ಲಿ ಇದೇ ಮಾತನ್ನು ಹೇಳುವುದು ಇಳಿಯದ ವೃಷಣ. ಭ್ರೂಣದಲ್ಲಿ ವೃಷಣ ಮೂಡುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಆಸುಪಾಸಿನಲ್ಲಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅದು ತೊಡೆಸಂದಿಯ ಮೂಲಕ ಕೆಳಗಿಳಿದು ಚೀಲ ಸೇರುತ್ತದೆ. ಹೊರಗೆ ಜೋತುಬಿದ್ದು ಪೆಟ್ಟಿಗೆ ಈಡಾಗುವ ಜಾಗವನ್ನು ದೇಹ ಆರಿಸಿಕೊಂಡದ್ದು ಶಾಖದ ಕಾರಣಕ್ಕೆ. ವೀರ್ಯಾಣು ತಯಾರಿಕೆಗೆ ದೇಹದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಬೇಕು. ಚಳಿಯಲ್ಲಿ ಚೀಲ ಮುದುಡಿ ಮೇಲೇರುತ್ತದೆ, ಸೆಕೆಯಲ್ಲಿ ಸಡಿಲವಾಗಿ ಇಳಿಯುತ್ತದೆ. ವೃಷಣಕ್ಕೆ ಬರುವ ಬಿಸಿ ರಕ್ತವನ್ನು ಅಲ್ಲಿಂದ ಹಿಂತಿರುಗುವ ತಣ್ಣನೆಯ ರಕ್ತ ದಾರಿಯಲ್ಲೇ ತಂಪು ಮಾಡುತ್ತದೆ. ತಿಂಗಳು ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು ಮೂವರಿಗೆ ಒಂದು ಅಥವಾ ಎರಡೂ ವೃಷಣಗಳು ಪೂರ್ತಿ ಇಳಿದಿರುವುದಿಲ್ಲ. ಬಹಳ ಮಕ್ಕಳಲ್ಲಿ ಮೊದಲ ಕೆಲವು ತಿಂಗಳಲ್ಲೇ ತಾವಾಗಿ ಇಳಿಯುತ್ತವೆ. ಎರಡೂ ಹೊಟ್ಟೆಯಲ್ಲೇ ಉಳಿದು, ಚಿಕಿತ್ಸೆಯಾಗದೆ ಹುಡುಗ ಬೆಳೆದರೆ ಏನಾಗುತ್ತದೆ? ಧ್ವನಿ ಒಡೆಯುತ್ತದೆ, ಮೀಸೆ ಬರುತ್ತದೆ, ಕಾಮನೆ ಇರುತ್ತದೆ, ಏಕೆಂದರೆ ಲೈಡಿಗ್ ಕೋಶಗಳು ಶಾಖವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ವೀರ್ಯಾಣು ಮಾತ್ರ ಬಹುತೇಕ ತಯಾರಾಗುವುದೇ ಇಲ್ಲ. ಮೀಸೆ ನೋಡಿ ಸಂತಾನಶಕ್ತಿ ಅಳೆಯುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಕ್ಯಾಲಿಫೋರ್ನಿಯಾದ ಲ್ಯಾತ್ರಾಪ್ ಎಂಬಲ್ಲಿನ ಕೀಟನಾಶಕ ಕಾರ್ಖಾನೆಯಲ್ಲಿ 1977ರಲ್ಲಿ ಬೆಳಕಿಗೆ ಬಂದ ಸಂಗತಿಯೂ ಇದನ್ನೇ ಹೇಳುತ್ತದೆ. ಡಿಬಿಸಿಪಿ ಎಂಬ, ಬೇರುಹುಳು ಕೊಲ್ಲುವ ರಾಸಾಯನಿಕವನ್ನು ಅಲ್ಲಿ ತಯಾರಿಸುತ್ತಿದ್ದರು. ನಮ್ಮಲ್ಲಿ ಯಾರಿಗೂ ಇತ್ತೀಚೆಗೆ ಮಕ್ಕಳಾಗುತ್ತಿಲ್ಲವಲ್ಲ ಎಂದು ಕಾರ್ಮಿಕರೇ ತಮ್ಮತಮ್ಮೊಳಗೆ ಮಾತಾಡಿಕೊಂಡ ಮೇಲೆ ಪರೀಕ್ಷೆ ನಡೆಯಿತು. ಹಲವರ ವೀರ್ಯದಲ್ಲಿ ವೀರ್ಯಾಣು ಇರಲೇ ಇಲ್ಲ, ಕೆಲವರಲ್ಲಿ ತೀರ ಕಡಿಮೆ ಇತ್ತು. ಅವರ ಟೆಸ್ಟೊಸ್ಟೆರಾನ್ ಮಟ್ಟ ಮಾತ್ರ ಸಹಜವಾಗಿತ್ತು. ದುಡಿಮೆಯಲ್ಲಾಗಲಿ ದಾಂಪತ್ಯದಲ್ಲಾಗಲಿ ಯಾವ ಸೂಚನೆಯೂ ಸಿಗದೆ ಅಷ್ಟು ಮಂದಿಯ ಸಂತಾನಶಕ್ತಿ ಒಳಗೊಳಗೇ ಕುಂದಿತ್ತು.

ವೀರ್ಯಾಣು ತಯಾರಿಕೆ ಎಷ್ಟು ಹೊತ್ತಿನ ಕೆಲಸ ಎಂಬುದನ್ನೂ ತಿಳಿದಿರಬೇಕು. ಮೂಲಕೋಶವೊಂದು ಒಡೆದು, ಅದರ 46 ವರ್ಣತಂತುಗಳು 23ಕ್ಕೆ ಇಳಿದು, ದುಂಡಗಿನ ಕೋಶ ಬಾಲ ಬೆಳೆಸಿಕೊಂಡು ವೀರ್ಯಾಣುವಾಗಲು ಸುಮಾರು ಎರಡು ತಿಂಗಳಿಗೂ ಮೇಲೆ ಹಿಡಿಯುತ್ತದೆ; 64ರಿಂದ 74 ದಿನ ಎಂಬುದು ಸಾಮಾನ್ಯ ಲೆಕ್ಕ. ಅಲ್ಲಿಗೂ ಅದು ಈಜಲಾರದು. ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ, ಬಿಡಿಸಿದರೆ ಸುಮಾರು ಆರು ಮೀಟರ್ ಉದ್ದವಾಗುವ ಒಂದೇ ನಾಳದಲ್ಲಿ ಹಲವು ದಿನ ಸಾಗುವಾಗ ಅದಕ್ಕೆ ಚಲನೆ ಬರುತ್ತದೆ. ಒಟ್ಟು ಮೂರು ತಿಂಗಳು ಎಂದಿಟ್ಟುಕೊಳ್ಳಬಹುದು. ಹಾಗಾಗಿ ಈ ದಿನದ ವೀರ್ಯದಲ್ಲಿ ಕಾಣುವುದು ಮೂರು ತಿಂಗಳ ಹಿಂದಿನ ಆರೋಗ್ಯದ ಫಲ. ತೀವ್ರ ಜ್ವರ ಬಂದುಹೋದವನ ವರದಿ ಎರಡು ತಿಂಗಳ ಬಳಿಕ ಕೆಡಬಹುದು, ಮುಂದೆ ತಾನಾಗಿ ಸುಧಾರಿಸಲೂಬಹುದು. ಒಂದೇ ವರದಿ ಹಿಡಿದು ಎದೆ ಒಡೆದುಕೊಳ್ಳುವುದೂ ಸಲ್ಲದು, ಚಿಕಿತ್ಸೆ ಶುರುವಾದ ಹದಿನೈದೇ ದಿನಕ್ಕೆ ಮತ್ತೆ ಪರೀಕ್ಷೆಗೆ ಓಡುವುದೂ ಸಲ್ಲದು.

ವೀರ್ಯ ಪರೀಕ್ಷೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ತಪ್ಪು ತಿಳಿವಳಿಕೆ ಕಳಚುತ್ತದೆ. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಅಗಲ ಬಾಯಿಯ ಡಬ್ಬಿಯಲ್ಲಿ ಕೊಟ್ಟ ವೀರ್ಯ ಮೊದಲು ಗಟ್ಟಿಯಾಗಿ ಲೋಳೆ ಕಟ್ಟಿರುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಅದು ತಾನಾಗಿ ನೀರಾಗುತ್ತದೆ. ಗಟ್ಟಿಯಾಗಿಸುವ ಪ್ರೋಟೀನು ವೀರ್ಯಕೋಶ ಎಂಬ ಜೋಡಿ ಗ್ರಂಥಿಗಳದ್ದು, ಕರಗಿಸುವ ಕಿಣ್ವ ಪ್ರಾಸ್ಟೇಟಿನದ್ದು. ಆ ಕಿಣ್ವವೇ ಮುದುಕರ ರಕ್ತಪರೀಕ್ಷೆಯಲ್ಲಿ ನೋಡುವ ಪಿಎಸ್‌ಎ. ವೀರ್ಯದ ಮೂರನೇ ಎರಡು ಭಾಗ ವೀರ್ಯಕೋಶಗಳ ದ್ರವ, ಉಳಿದದ್ದರಲ್ಲಿ ಬಹುಪಾಲು ಪ್ರಾಸ್ಟೇಟಿನದು. ವೃಷಣದಿಂದ ಬಂದದ್ದು ನೂರಕ್ಕೆ ಐದು ಪಾಲೂ ಇರದು. ಅಂದರೆ ವೀರ್ಯ ದಪ್ಪವೋ ತೆಳುವೋ, ಹೆಚ್ಚೋ ಕಡಿಮೆಯೋ ಎಂದು ಕಣ್ಣಳತೆಯಲ್ಲಿ ನೋಡಿ ವೀರ್ಯಾಣುಗಳ ಬಗ್ಗೆ ಏನೂ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಗಡಿ ಹೀಗಿದೆ: ಒಟ್ಟು ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ನೂರರಲ್ಲಿ 42ಕ್ಕೆ ಚಲನೆ, ನೂರರಲ್ಲಿ 4ಕ್ಕೆ ಸರಿಯಾದ ಆಕಾರ. ಕೊನೆಯ ಅಂಕಿ ನೋಡಿ ಗಾಬರಿಯಾಗುವವರೇ ಹೆಚ್ಚು. ಮಕ್ಕಳಾದ ಗಂಡಸರ ವೀರ್ಯವನ್ನೇ ಪರೀಕ್ಷಿಸಿ ಗೊತ್ತುಮಾಡಿದ ಗಡಿ ಅದು. ನೂರರಲ್ಲಿ ತೊಂಬತ್ತು ಸೊಟ್ಟಗಿದ್ದರೂ ತಂದೆಯಾಗುವುದಕ್ಕೆ ಅಡ್ಡಿಯಿಲ್ಲ ಎಂದೇ ಅದರ ಅರ್ಥ.

ಇದೇ ವರದಿ ಕೆಲವೊಮ್ಮೆ ದೇಹರಚನೆಯ ಗುಟ್ಟನ್ನು ಬಿಟ್ಟುಕೊಡುತ್ತದೆ. ವೀರ್ಯಾಣು ಸೊನ್ನೆ, ಪ್ರಮಾಣ ಒಂದು ಮಿಲಿಲೀಟರಿಗೂ ಕಡಿಮೆ, ಆಮ್ಲೀಯ ಗುಣ, ಫ್ರಕ್ಟೋಸ್ ಸಕ್ಕರೆ ಇಲ್ಲ ಎಂದು ಬಂದರೆ ಅನುಭವಿ ವೈದ್ಯರು ಮೊದಲು ವೃಷಣಚೀಲದ ಮೇಲ್ಭಾಗವನ್ನು ಬೆರಳಲ್ಲಿ ಹಿಡಿದು ನೋಡುತ್ತಾರೆ. ಅಲ್ಲಿ ಗಟ್ಟಿ ದಾರದಂತೆ ಸಿಗಬೇಕಾದ ವೀರ್ಯನಾಳ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಫ್ರಕ್ಟೋಸ್ ಬರುವುದು ವೀರ್ಯಕೋಶದಿಂದ. ಭ್ರೂಣದಲ್ಲಿ ವೀರ್ಯನಾಳ ಬೆಳೆಯದಿದ್ದರೆ ಸಾಮಾನ್ಯವಾಗಿ ವೀರ್ಯಕೋಶವೂ ಬೆಳೆದಿರುವುದಿಲ್ಲ. ಇಂಥವನ ವೃಷಣದಲ್ಲಿ ವೀರ್ಯಾಣು ಎಂದಿನಂತೆ ತಯಾರಾಗುತ್ತಿರುತ್ತವೆ, ಹಾರ್ಮೋನ್ ಸರಿಯಾಗಿರುತ್ತದೆ, ನಿಮಿರುವಿಕೆ ಸರಿಯಾಗಿರುತ್ತದೆ, ದಾರಿಯೊಂದೇ ಇಲ್ಲ. 1992ರಲ್ಲಿ ಬ್ರಸೆಲ್ಸ್‌ನಿಂದ ಬಂದ ಇಕ್ಸಿ ವಿಧಾನದಲ್ಲಿ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸಲು ಸಾಧ್ಯವಾದ ಮೇಲೆ ಇಂಥವರೂ ತಂದೆಯಾಗಬಹುದಾಗಿದೆ. ಯಾವ ಕೆಲಸ ಕೆಟ್ಟಿದೆ ಎಂದು ಬೇರ್ಪಡಿಸಿ ನೋಡಿದ್ದರಿಂದಲೇ ಈ ಚಿಕಿತ್ಸೆ ಸಾಧ್ಯವಾಯಿತು.

ಮೂರನೆಯ ಕೆಲಸವಾದ ನಿಮಿರುವಿಕೆ ವೃಷಣಕ್ಕೆ ಸೇರಿದ್ದೇ ಅಲ್ಲ, ಅದು ರಕ್ತನಾಳ ಮತ್ತು ನರಗಳ ಕೆಲಸ. ಶಿಶ್ನದೊಳಗಿನ ಎರಡು ಸ್ಪಂಜಿನಂತಹ ಕೊಳವೆಗಳಿಗೆ ನರಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾದಾಗ ರಕ್ತನಾಳದ ಸ್ನಾಯು ಸಡಿಲಾಗಿ ರಕ್ತ ನುಗ್ಗುತ್ತದೆ, ಹೊರಹೋಗುವ ಅಭಿಧಮನಿಗಳು ಒತ್ತಿಹೋಗಿ ರಕ್ತ ಅಲ್ಲೇ ನಿಲ್ಲುತ್ತದೆ. ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡಿನ ಪಾತ್ರ ಕಂಡುಹಿಡಿದದ್ದಕ್ಕೆ 1998ರ ವೈದ್ಯಕೀಯ ನೊಬೆಲ್ ಸಂದಿತು. ಇದೇ ಸರಣಿಯ ಮೇಲೆ ಕೆಲಸ ಮಾಡುವ ಸಿಲ್ಡೆನಾಫಿಲ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಮಧುಮೇಹ, ರಕ್ತದೊತ್ತಡ, ಬೀಡಿ ಸಿಗರೇಟು ರಕ್ತನಾಳದ ಒಳಪದರವನ್ನು ಕೆಡಿಸಿದಾಗ ಮೊದಲು ಕೈಕೊಡುವುದು ಇಲ್ಲಿನ ಸಣ್ಣ ನಾಳಗಳು. ಹೃದಯದ ನಾಳಗಳು ಇವಕ್ಕಿಂತ ದಪ್ಪ, ಆದ್ದರಿಂದ ಅವುಗಳ ತೊಂದರೆ ತಡವಾಗಿ ಗೊತ್ತಾಗುತ್ತದೆ. ನಲವತ್ತೈದರ ಗಂಡಸಿಗೆ ನಿಮಿರುವಿಕೆ ಕುಂದಿದೆ ಎಂದರೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನೋಡಿಸಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ. ಗಂಡಸುತನ ಹೋಯಿತೆಂದು ನಾಚಿ ಗುಟ್ಟಾಗಿ ಪುಡಿ, ಲೇಹ್ಯ ತಿನ್ನುತ್ತ ಕೂತವನು ಹೃದಯ ಕೊಟ್ಟ ಮುನ್ಸೂಚನೆಯನ್ನು ಕಳೆದುಕೊಳ್ಳುತ್ತಾನೆ. ಅಂಥವನ ವೀರ್ಯಾಣು ಚೆನ್ನಾಗಿಯೇ ಇರಬಹುದು ಎಂಬುದನ್ನೂ ಸೇರಿಸಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮೂರೂ ಕೆಲಸ ಬೇರೆ ಎನ್ನುವುದು ಅತಿಯಾಯಿತು, ಟೆಸ್ಟೊಸ್ಟೆರಾನ್ ಇಲ್ಲದೆ ವೀರ್ಯಾಣುವೂ ಆಗದು, ಕಾಮನೆಯೂ ಹುಟ್ಟದು, ಹಾಗಿದ್ದ ಮೇಲೆ ಮೂಲ ಒಂದೇ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಮಿದುಳಿನ ಹೈಪೊಥಲಾಮಸ್ ಬಿಟ್ಟುಬಿಟ್ಟು ಕಳಿಸುವ ಸಂದೇಶದಿಂದ ಪಿಟ್ಯುಟರಿ ಗ್ರಂಥಿ ಎರಡು ಹಾರ್ಮೋನ್ ಸುರಿಸುತ್ತದೆ. ಎಲ್‌ಎಚ್ ಲೈಡಿಗ್ ಕೋಶಗಳಿಗೆ ಟೆಸ್ಟೊಸ್ಟೆರಾನ್ ಮಾಡಲು ಹೇಳುತ್ತದೆ. ಎಫ್‌ಎಸ್‌ಎಚ್ ಸೆರ್ಟೋಲಿ ಕೋಶಗಳನ್ನು ವೀರ್ಯಾಣು ತಯಾರಿಕೆಗೆ ಹಚ್ಚುತ್ತದೆ. ಪಿಟ್ಯುಟರಿಯೇ ಕೆಟ್ಟರೆ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ ನಿಜ. ಆದರೆ ನಂಟಿದೆ ಎಂದ ಮಾತ್ರಕ್ಕೆ ಒಂದೇ ಎಂದಾಗುವುದಿಲ್ಲ, ಮತ್ತು ಈ ನಂಟು ಜನ ಊಹಿಸುವ ದಿಕ್ಕಿನಲ್ಲೂ ಇಲ್ಲ. ವೀರ್ಯಾಣು ತಯಾರಿಕೆಗೆ ಬೇಕಾದದ್ದು ವೃಷಣದೊಳಗಿನ ಟೆಸ್ಟೊಸ್ಟೆರಾನ್. ಅಲ್ಲಿ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೊರಗಿನಿಂದ ಟೆಸ್ಟೊಸ್ಟೆರಾನ್ ಚುಚ್ಚಿದರೆ ರಕ್ತದಲ್ಲಿ ಸಾಕಷ್ಟಿದೆ ಎಂದು ಪಿಟ್ಯುಟರಿ ತನ್ನ ಎರಡೂ ಹಾರ್ಮೋನನ್ನು ನಿಲ್ಲಿಸುತ್ತದೆ, ವೃಷಣದೊಳಗಿನ ಮಟ್ಟ ನೆಲಕಚ್ಚುತ್ತದೆ, ವೀರ್ಯಾಣು ನಿಲ್ಲುತ್ತವೆ. ಇದು ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತು. 1990ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯಾಣು ಸೊನ್ನೆಗಿಳಿದಿದ್ದವು. ಜಿಮ್‌ನಲ್ಲಿ ತೋಳು ಉಬ್ಬಿಸಲು ಸ್ಟೆರಾಯ್ಡ್ ತೆಗೆದುಕೊಳ್ಳುವವನು ಮಾಡುತ್ತಿರುವುದೂ ಅದನ್ನೇ. ನೋಟಕ್ಕೆ ಗಂಡಸುತನ ಏರುತ್ತಿರುವ ಹೊತ್ತಿಗೇ ಅವನ ವೃಷಣ ಸೊರಗುತ್ತಿರುತ್ತದೆ. ಬಿಟ್ಟ ಮೇಲೆ ಹೆಚ್ಚಿನವರಲ್ಲಿ ತಯಾರಿಕೆ ಮರಳುತ್ತದೆ, ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮಿಕ್ಕಿ ಕಾಯಬೇಕಾಗುತ್ತದೆ.

ಎರಡನೆಯ ಆಕ್ಷೇಪ ಪರಂಪರೆಯದು. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರ ಕೊನೆಯದು, ಉಳಿದೆಲ್ಲವುಗಳ ಸಾರ. ಎಷ್ಟೋ ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂಬ ಮಾತು ಇದರ ಜನಪದ ರೂಪ. ಸ್ವಪ್ನಸ್ಖಲನದಿಂದ, ಹಸ್ತಮೈಥುನದಿಂದ ಶಕ್ತಿ ಸೋರಿಹೋಗುತ್ತದೆ ಎಂಬ ಕೊರಗಿನಲ್ಲಿ ನಿದ್ದೆಗೆಟ್ಟು, ಸುಸ್ತು, ಬೆನ್ನುನೋವು ಎಂದು ಬರುವ ಯುವಕರನ್ನು ಗಮನಿಸಿ 1960ರಲ್ಲಿ ಮನೋವೈದ್ಯ ನರೇಂದ್ರನಾಥ ವಿಗ್ ಆ ಸ್ಥಿತಿಗೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬಸ್ ನಿಲ್ದಾಣದ ಗೋಡೆಗಳ ಮೇಲಿನ ಗುಪ್ತರೋಗದ ಜಾಹೀರಾತುಗಳು ಬದುಕಿರುವುದು ಈ ಕೊರಗಿನ ಮೇಲೆಯೇ. ಇದು ನಮ್ಮವರ ಮೌಢ್ಯ ಮಾತ್ರ ಎಂದು ನಗುವವರು ಯುರೋಪಿನ ಕಡೆಗೂ ನೋಡಬೇಕು. ಹದಿನೆಂಟನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಟಿಸೋ ಇದೇ ಭಯವನ್ನು ಶಾಸ್ತ್ರವಾಗಿಸಿ ಬರೆದ ಪುಸ್ತಕ ಆ ಖಂಡದ ವೈದ್ಯರನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಆಳಿತು. ಎರಡೂ ಕಡೆಯ ಪೂರ್ವಿಕರಿಗೆ ವೀರ್ಯಾಣು ಗೊತ್ತಿರಲಿಲ್ಲ, ಇಲ್ಲವೇ ಅದರ ಕೆಲಸ ಗೊತ್ತಿರಲಿಲ್ಲ. ಹಾಲೆಂಡಿನ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣು ಕಂಡದ್ದು 1677ರಲ್ಲಿ. ಅದು ಅಂಡಾಣುವಿನೊಳಗೆ ಹೊಕ್ಕು ಒಂದಾಗುತ್ತದೆ ಎಂದು ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಚೆಂಡು ಜೀವಿಯಲ್ಲಿ ತೋರಿಸಿದ್ದು 1876ರಲ್ಲಿ. ಗಂಡಿನ ಲಕ್ಷಣ ಮತ್ತು ವೀರ್ಯ ಒಟ್ಟಿಗೇ ಪ್ರಾಯಕ್ಕೆ ಬರುವುದನ್ನು ಕಂಡವರು ಒಂದು ಇನ್ನೊಂದರ ಮೂಲ ಎಂದುಕೊಂಡದ್ದು ಆ ಕಾಲಕ್ಕೆ ಅಸಂಗತವೇನಲ್ಲ. ಈಗ ಗೊತ್ತಿರುವುದೆಂದರೆ ಬಲ ಕೊಡುವ ಹಾರ್ಮೋನ್ ರಕ್ತದಲ್ಲಿದೆ, ಹೊರಹೋಗುವ ಮೂರ್ನಾಲ್ಕು ಮಿಲಿಲೀಟರ್ ದ್ರವ ಬಹುಪಾಲು ನೀರು. ಸ್ಖಲನವಾಗಲಿ ಬಿಡಲಿ, ವೃಷಣ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ತಯಾರಿಸುತ್ತಲೇ ಇರುತ್ತದೆ, ಹೊರಹೋಗದವು ಹಳತಾಗಿ ದೇಹದಲ್ಲೇ ಕರಗುತ್ತವೆ. ಬ್ರಹ್ಮಚರ್ಯವನ್ನು ವ್ರತವಾಗಿ ಪಾಲಿಸುವವರು ಪಾಲಿಸಲಿ. ಅದಕ್ಕೆ ಶರೀರಶಾಸ್ತ್ರದ ಸಾಕ್ಷಿ ಕರೆಯುವುದು ಬೇಡ.

ಮೂರನೆಯ ಆಕ್ಷೇಪ ರೈತನದು, ಅದು ಎಲ್ಲಕ್ಕಿಂತ ಗಟ್ಟಿ. ಹೋರಿಗೆ ಬೀಜ ಒಡೆಸಿದರೆ ಅದರ ಮದ ಇಳಿಯುತ್ತದೆ, ಉಳುಮೆಗೆ ಬಗ್ಗುತ್ತದೆ, ಇದು ಕಣ್ಣಾರೆ ಕಂಡ ಸತ್ಯ. ಈಗ ಬೀಜವನ್ನು ಕತ್ತರಿಸಿ ತೆಗೆಯುವುದೂ ಇಲ್ಲ. ಪಶುವೈದ್ಯರು ಇಕ್ಕಳದಂತಹ ಬರ್ಡಿಜೊ ಉಪಕರಣದಿಂದ ಚೀಲದ ಮೇಲ್ಭಾಗದ ಹುರಿಯನ್ನು ಚರ್ಮದ ಮೇಲಿನಿಂದಲೇ ಒತ್ತಿ ಬಿಡುತ್ತಾರೆ. ಹುರಿಯನ್ನು ಒತ್ತಿದರೇ ಹೋರಿ ಎತ್ತಾಗುವುದಾದರೆ ಅದೇ ಜಾಗದಲ್ಲಿ ನಾಳ ಕತ್ತರಿಸಿಕೊಂಡ ಗಂಡಸು ಸೊರಗದೆ ಇರುತ್ತಾನೆಯೇ? ಪ್ರಶ್ನೆ ನ್ಯಾಯವಾದದ್ದು, ಉತ್ತರ ದೇಹರಚನೆಯಲ್ಲಿದೆ. ಆ ಹುರಿಯೊಳಗೆ ವೀರ್ಯನಾಳದ ಜೊತೆಗೆ ವೃಷಣಕ್ಕೆ ರಕ್ತ ತರುವ ಅಪಧಮನಿ, ಒಯ್ಯುವ ಅಭಿಧಮನಿಗಳ ಜಾಲ, ನರಗಳು ಇವೆ. ಬರ್ಡಿಜೊ ಎಲ್ಲವನ್ನೂ ಜಜ್ಜುತ್ತದೆ. ರಕ್ತವಿಲ್ಲದೆ ವೃಷಣ ಸಾಯುತ್ತದೆ, ಲೈಡಿಗ್ ಕೋಶಗಳೂ ಸಾಯುತ್ತವೆ, ಟೆಸ್ಟೊಸ್ಟೆರಾನ್ ನಿಲ್ಲುತ್ತದೆ. ವ್ಯಾಸೆಕ್ಟಮಿಯಲ್ಲಿ ಸುಮಾರು ಮೂರು ಮಿಲಿಮೀಟರ್ ದಪ್ಪದ ವೀರ್ಯನಾಳವೊಂದನ್ನೇ ಬೆರಳಿನಿಂದ ಬೇರ್ಪಡಿಸಿ ಹಿಡಿದು ಕತ್ತರಿಸುತ್ತಾರೆ, ರಕ್ತನಾಳ ಮುಟ್ಟುವುದಿಲ್ಲ. ಚೀನಾದ ಲಿ ಶುನ್‌ಕ್ವಿಯಾಂಗ್ 1974ರಲ್ಲಿ ರೂಪಿಸಿದ ವಿಧಾನದಲ್ಲಿ ಚಾಕುವೂ ಬೇಡ, ಚೂಪು ಇಕ್ಕಳದಿಂದ ಮಾಡಿದ ಒಂದು ಸಣ್ಣ ತೂತು ಸಾಕು, ಹೊಲಿಗೆಯೂ ಬೇಡ. ಬರ್ತೋಲ್ಡರ ಹುಂಜದಂತೆ ಇಲ್ಲೂ ನಾಳ ಹೋದರೂ ರಕ್ತದ ದಾರಿ ಉಳಿದಿರುತ್ತದೆ. ವೃಷಣದ ಪಾಲು ವೀರ್ಯದಲ್ಲಿ ಅಷ್ಟು ಅಲ್ಪವಾದ್ದರಿಂದ ಸ್ಖಲನದ ಪ್ರಮಾಣದಲ್ಲೂ ವ್ಯತ್ಯಾಸ ತಿಳಿಯದು. ನೆನಪಿಡಬೇಕಾದ ಎಚ್ಚರಿಕೆ ಒಂದೇ: ಕತ್ತರಿಸಿದ ಜಾಗದಿಂದ ಮುಂದಕ್ಕೆ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು, ಪರೀಕ್ಷೆಯಲ್ಲಿ ಸೊನ್ನೆ ಎಂದು ಬರುವವರೆಗೆ ಬೇರೆ ಗರ್ಭನಿರೋಧಕ ಬಳಸಬೇಕು.

ಹೀಗಿದ್ದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ, 2019–21ರ ಅಂಕಿ ನೋಡಿದರೆ ದೇಶದಲ್ಲಿ ಗರ್ಭನಿರೋಧಕವಾಗಿ ಹೆಣ್ಣಿನ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ನೂರಕ್ಕೆ 37.9, ಗಂಡಿನ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು 0.3. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಹೊಟ್ಟೆ ತೆರೆದು ಮಾಡುವ ಟ್ಯೂಬೆಕ್ಟಮಿಗಿಂತ ವ್ಯಾಸೆಕ್ಟಮಿ ಸುಲಭ, ಅಪಾಯವೂ ಕಡಿಮೆ ಎಂಬುದರಲ್ಲಿ ವೈದ್ಯರ ನಡುವೆ ಭಿನ್ನಮತವಿಲ್ಲ. ಈ ಅಂತರಕ್ಕೆ ಇತಿಹಾಸದ ಕಾರಣವೂ ಇದೆ ಎನ್ನುವವರ ಮಾತು ಸರಿ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು, ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಆ ಗಾಯ ಸುಳ್ಳಲ್ಲ. ಆದರೆ ಅದಾದ ಮೇಲೆ ಹುಟ್ಟಿದ ತಲೆಮಾರೂ ಹಿಂದೇಟು ಹಾಕುವುದು ಶಕ್ತಿ ಹೋಗುತ್ತದೆ ಎಂಬ ಹೆದರಿಕೆಯಿಂದಲೇ. ವೀರ್ಯನಾಳದೊಳಗೆ ಪಾಲಿಮರ್ ಚುಚ್ಚಿ ವೀರ್ಯಾಣುಗಳನ್ನು ನಿಷ್ಕ್ರಿಯಗೊಳಿಸುವ ರಿಸಗ್ ವಿಧಾನವನ್ನು ಖರಗ್‌ಪುರ ಐಐಟಿಯ ಸುಜಯ್ ಗುಹಾ ದಶಕಗಳ ಕಾಲ ಬೆಳೆಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ 303 ಗಂಡಸರ ಮೇಲೆ ನಡೆದ ಪರೀಕ್ಷೆಯ ಒಳ್ಳೆಯ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ. ಗಂಟು ಬಿಚ್ಚದೆ ಹೋದರೆ ಎಷ್ಟು ಒಳ್ಳೆಯ ವಿಧಾನ ಬಂದರೂ ಸಾಲಿನಲ್ಲಿ ನಿಲ್ಲುವ ಗಂಡಸರು ಸಿಗುವುದಿಲ್ಲ.

ವೀರ್ಯಾಣುಗಳ ಸಂಖ್ಯೆ ಜಗತ್ತಿನಲ್ಲೆಲ್ಲ ಕುಸಿಯುತ್ತಿದೆ ಎಂಬ ಸುದ್ದಿ ಆಗಾಗ ಬರುತ್ತದೆ. 1992ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಎಬ್ಬಿಸಿದ ಚರ್ಚೆ ಅದು. 2022ರಲ್ಲಿ ಹಗಾಯ್ ಲೆವಿನ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, 1973ರಿಂದ 2018ರೊಳಗೆ ಮಿಲಿಲೀಟರಿಗೆ ಸುಮಾರು 10 ಕೋಟಿಯಿದ್ದ ಸರಾಸರಿ 5 ಕೋಟಿಯ ಹತ್ತಿರಕ್ಕೆ ಇಳಿದಿದೆ ಎಂದರು. ಎಣಿಸುವ ವಿಧಾನ ಬದಲಾಗಿದೆ, ಪರೀಕ್ಷೆಗೆ ಬಂದವರು ಒಂದೇ ಬಗೆಯವರಲ್ಲ ಎಂಬ ಟೀಕೆಗಳೂ ಇವೆ, ಅವು ಬಗೆಹರಿದಿಲ್ಲ. 5 ಕೋಟಿಯೂ ಮೇಲೆ ಹೇಳಿದ ಗಡಿಗಿಂತ ಬಹಳ ಮೇಲಿದೆ, ಹಾಗಾಗಿ ಮನುಕುಲ ಮುಗಿಯಿತು ಎಂಬ ತಲೆಬರಹಗಳಿಗೆ ಆಧಾರವಿಲ್ಲ. ಅದನ್ನು ಗಂಡಸುತನದ ಕುಸಿತ ಎಂದು ಓದುವುದಂತೂ ಮತ್ತೆ ಹಳೆಯ ತಪ್ಪೇ. ಸ್ಥೂಲಕಾಯ, ಧೂಮಪಾನ, ರಾಸಾಯನಿಕಗಳ ಕಡೆಗೆ ಕಣ್ಣಿಡಲು ಮಾತ್ರ ಅದು ಒಳ್ಳೆಯ ಕಾರಣ.

ಒಟ್ಟಿನಲ್ಲಿ ಪುರಾವೆ ಹೇಳುವುದಿಷ್ಟು: ಗಡ್ಡ ಮೀಸೆ, ತೋಳ್ಬಲ, ಹಾಸಿಗೆಯ ಸಾಮರ್ಥ್ಯ ಇವುಗಳಲ್ಲಿ ಯಾವುದೂ ವೀರ್ಯಾಣುಗಳ ಲೆಕ್ಕ ಕೊಡುವುದಿಲ್ಲ, ವೀರ್ಯ ಹೊರಹೋದರೆ ಬಲ ಹೋಗುವುದಿಲ್ಲ, ನಾಳ ಕತ್ತರಿಸಿದರೆ ಹಾರ್ಮೋನ್ ನಿಲ್ಲುವುದಿಲ್ಲ. ಹುಟ್ಟುವ ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ, ಅದಕ್ಕೂ ತಾಯಿಯನ್ನು ದೂರುವಂತಿಲ್ಲ. ಹೆತ್ತವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಎರಡೂ ವೃಷಣ ಚೀಲದಲ್ಲಿವೆಯೇ ಎಂದು ನೋಡಿಸಿ, ಇಳಿಯದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಪ್ರಾಯಕ್ಕೆ ಬರುವ ಹುಡುಗನಿಗೆ ವೃಷಣದಲ್ಲಿ ದಿಢೀರನೆ ವಿಪರೀತ ನೋವು ಬಂದರೆ ಅದು ಹುರಿ ತಿರುಚಿಕೊಂಡು ರಕ್ತ ನಿಂತದ್ದಿರಬಹುದು. ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ವೃಷಣ ಉಳಿಯುತ್ತದೆ, ನಾಚಿಕೊಂಡು ಬೆಳಗಿನವರೆಗೆ ಕಾದರೆ ಹೆಚ್ಚಾಗಿ ಉಳಿಯುವುದಿಲ್ಲ. ಇದನ್ನು ನಿಮ್ಮ ಮನೆಯ ಹುಡುಗರಿಗೆ ಈಗಲೇ, ಬಾಯಿ ಬಿಟ್ಟು ಹೇಳಿ.